ಪಾದದ ಕಲ್ಲು

ಒದ್ದೆ ಕಾಗದ ಕಲ್ಲಿಗಿನ್ನೂ ಅಂಟಿಕೊಂಡಿರುವಾಗಲೇ ಭೀಮೆಯ ದಂಡೆಗೆ ಲಾರಿಯೊಂದು ಬಂದು ನಿಂತಿತು. ಕಾಗದವನ್ನು ಬ್ರಶ್ಶಿನಿಂದ ತಟ್ಟುತ್ತಿದ್ದ ಅಂಬಣ್ಣನ ಕೈ ನಿಂತಿತು. ಎದೆಯೆತ್ತರದ ಆ ನಿಲುಗಲ್ಲಿನಿಂದ ಎರಡು ಪಾದಗಳು, ಅಂಗಾಲಿನ ಚಕ್ರಗಳು ಆಗಷ್ಟೇ ಕಾಗದಕ್ಕೆ ಮೂಡತೊಡಗಿದ್ದವು.

ಲಾರಿಯಿಂದ ಹಮಾಲರು ಹಾರೆ, ಹಗ್ಗ ಹಿಡಿದು ಇಳಿದರು. ಕಲ್ಲನ್ನು ಹೈದರಾಬಾದಿಗೆ ಒಯ್ಯುವುದು ಮೊದಲೇ ತೀರ್ಮಾನವಾಗಿತ್ತೆಂದು ಅಂಬಣ್ಣನ ಜೊತೆ ಬಂದಿದ್ದ ಅವನ ಪ್ರೊಫೆಸರ್ ಸಿಗರೇಟು ಹಚ್ಚುತ್ತ ಉರ್ದುವಿನಲ್ಲಿ ಹೇಳಿದರು. ನಿಜಾಮನ ಆಳಿಕೆ ಹೋಯಿತು, ಹೊಸ ಸರ್ಕಾರಕ್ಕೆ ಬುದ್ಧ ಬೇಕಾಗಿದ್ದಾನೆ, ನಿನ್ನ ಥೀಸಿಸ್ಸಿಗೂ ಒಳ್ಳೆಯದೇ ಆಯಿತು ಎಂದರು.

ಅಂಬಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಕಾಗದದ ಮೇಲೆ ಅಚ್ಚು ತೆಗೆದುಕೊಂಡು ಹೋಗುತ್ತೇವೆ, ಕಲ್ಲು ಕದಲಿಸುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟವನು ಅವನು. ಅವಳಿಂದಲೂ ಒಂದು ಮಾತು ತೆಗೆದುಕೊಂಡಿದ್ದ: ಸಾಹೇಬರ ಮುಂದೆ ಅವನು ತನ್ನ ಮಗನೆಂದು ಅವಳು ತೋರಿಸಿಕೊಳ್ಳಬಾರದು. ಪ್ರೊಫೆಸರರ ಪಾಲಿಗೆ ಅವನು ಶಹಾಪುರದ ಹತ್ತಿ ವ್ಯಾಪಾರಿಯ ಮಗ.

ಮಲಕಮ್ಮ ಕಲ್ಲಿನ ಬುಡದಲ್ಲೇ ಕೂತಿದ್ದಳು. ಕುರಿಹಿಂಡು ಹೊಳೆ ದಾಟುವ ಮುಂಚೆ ಆ ಪಾದಗಳಿಗೆ ಎಣ್ಣೆ ಹಚ್ಚಿ ಅರಿಶಿನದ ಭಂಡಾರ ಹಾಕುತ್ತ ಬಂದವಳು. ಅಚ್ಚು ಚೆನ್ನಾಗಿ ಬರಲೆಂದು ಬೆಳಿಗ್ಗೆ ಆ ಎಣ್ಣೆಜಿಡ್ಡನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆದವಳೂ ಅವಳೇ.

ಹಾರೆ ಊರಿದರೂ ಅವಳು ಏಳಲಿಲ್ಲ. ಬುದ್ಧನ ಪಾದಕ್ಕೆ ಕುರಿ ಕಟ್ಟುವ ದಡ್ಡ ಜನ ಇವರು, ಆ ಮುದುಕಿಯನ್ನು ಅವಳ ಭಾಷೆಯಲ್ಲೇ ಹೇಳಿ ಎಬ್ಬಿಸು ಎಂದರು ಪ್ರೊಫೆಸರ್.

"ಏಳವ್ವ" ಎಂದ ಅಂಬಣ್ಣ.

ಮಲಕಮ್ಮ ತಲೆ ಎತ್ತಿದಳು. "ಯಾವೂರ್ರಿ ಸಾಹೇಬ್ರ ನಿಮ್ದು? ನಿಮ್ಮ ಊರಾಗ ಮಾತು ಕೊಟ್ಟು ಹಿಂಗ ಹಾರಿ ಹಾಕ್ತಾರೇನ್ರಿ? ನಾ ಅಂತೂ ನನ್ನ ಮಾತಿಗೆ ತಪ್ಪಿಲ್ಲ ನೋಡ್ರಿ."

ಹೆತ್ತ ಮಗನಿಗೆ ಅವಳು ಬಹುವಚನ ಹಚ್ಚಿದ್ದು ಅದೇ ಮೊದಲು.

"ಮುದುಕಿ ಭಾಳ ಜೋರ್ ಅದಾಳ" ಎಂದು ಹಮಾಲನೊಬ್ಬ ನಕ್ಕ.

ಏನಂತಾಳೆ ಎಂದು ಪ್ರೊಫೆಸರ್ ಕೇಳಿದರು. ಥೀಸಿಸ್ಸಿಗೆ ಬೀಳಬೇಕಾದ ಸಹಿ ಅವರದೇ.

ಅಂಬಣ್ಣ ಬ್ರಶ್ಶನ್ನು ಹೊಳೆಗೆ ಬೀಸಿ ಒಗೆದ. ಈಕೆ ನಮ್ಮ ತಾಯಿ, ಎಂದು ಉರ್ದುವಿನಲ್ಲಿ ಒಂದೊಂದೇ ಶಬ್ದ ಬಿಡಿಸಿ ಹೇಳಿದ. ಕಲ್ಲು ಎತ್ತಬೇಡಿ ಅನ್ನುತ್ತಿದ್ದಾಳೆ. ನಾನೂ ಅದನ್ನೇ ಅನ್ನುತ್ತಿದ್ದೇನೆ.

ಹೇಳಿ, ಕಲ್ಲಿಗೆ ಬೆನ್ನು ಕೊಟ್ಟು ಅವಳ ಪಕ್ಕದಲ್ಲಿ ಕೂತ. ಮಲಕಮ್ಮ ಅವನತ್ತ ನೋಡಲಿಲ್ಲ. ಸರಿದು ಜಾಗವನ್ನೂ ಕೊಡಲಿಲ್ಲ.

ಹಮಾಲರು ಹಾರೆ ಹಿಡಿದು ಪ್ರೊಫೆಸರರ ಮುಖ ನೋಡುತ್ತ ನಿಂತರು. ಬಿಸಿಲೇರಿತ್ತು. ತಾಯಿಮಗನ ತಲೆಯ ಮೇಲೆ, ಅಚ್ಚಿನ ಮಸಿ ಇನ್ನೂ ಬೀಳದ ಎರಡು ಪಾದಗಳನ್ನು ಹೊತ್ತ ಕಾಗದ ಒಣಗಿ ಒಂದು ಮೂಲೆ ಬಿಟ್ಟಿತು, ಗಾಳಿಗೆ ಕಲ್ಲಿನ ಮೇಲೆ ಪಟಪಟ ಬಡಿಯತೊಡಗಿತು.