ಹನ್ನೊಂದರೊಳಗೆ ನಾಲ್ಕು ಸಾವಿರ

ಕಾರ್ಡ್ ಯಂತ್ರ ಎರಡನೇ ಸಲವೂ ಕೀಂಯ್ ಎಂದು ಚೀಟಿ ಉಗುಳಿತು. ಗಾಜಿನಾಚೆಯ ಕ್ಯಾಷಿಯರ್ ಚೀಟಿ ಓದಿ, ಖಾತೆಯಲ್ಲಿ ಅಷ್ಟು ಹಣವಿಲ್ಲ ಎಂದಳು. ಇಲ್ಲವೆಂದರೆ ಏನರ್ಥ? ಎರಡು ಲಕ್ಷದ ಆರು ಸಾವಿರ ಇದೆಯೆಂದು ಯಜಮಾನರು ನಿನ್ನೆ ಬಸ್ಸಿನಲ್ಲಿ ಮೂರು ಸಲ ಹೇಳಿದ್ದರು. ಇಪ್ಪತ್ತೆರಡು ವರ್ಷ ನಾನು ಹೊಲಿಗೆ ಯಂತ್ರ ತುಳಿದದ್ದು, ಅವರು ಗಡಿಯಾರ ರಿಪೇರಿ ಮಾಡಿದ್ದು, ಎಲ್ಲ ಸೇರಿ ನಮ್ಮ ಹತ್ತಿರ ಇದ್ದದ್ದೇ ಅಷ್ಟು.

ಗಡಿ ದಾಟಿ ಈ ಆಸ್ಪತ್ರೆಗೆ ಬಂದದ್ದು ಅವರ ಆಪರೇಷನ್ನಿಗೆ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿಕೊಂಡಿತ್ತು. ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ನಮ್ಮ ಕಡೆ ಇದನ್ನು ಮಾಡುವವರಿಲ್ಲ ಎಂದು ನಮ್ಮ ಡಾಕ್ಟರೇ ಇಲ್ಲಿಗೆ ಬರೆದುಕೊಟ್ಟಿದ್ದರು. ಆಸ್ಪತ್ರೆಯವರದು ಖಡಾಖಂಡಿತ ಮಾತು: ಈ ದೇಶದ ದುಡ್ಡಿನಲ್ಲಿ ನಾಲ್ಕು ಸಾವಿರ, ಬೆಳಿಗ್ಗೆ ಹನ್ನೊಂದರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಆಪರೇಷನ್ ಥಿಯೇಟರು ಇನ್ನೊಬ್ಬರ ಪಾಲು, ನಮ್ಮ ಸರದಿ ಮತ್ತೆ ಒಂಬತ್ತು ದಿನಕ್ಕೆ. ಒಂಬತ್ತು ದಿನವಂತೆ! ನನಗೆ ಒಂಬತ್ತು ಗಂಟೆಯ ಭರವಸೆಯೂ ಇರಲಿಲ್ಲ. ಗೋಡೆಯ ಮೇಲೆ ಆಗ ಹತ್ತೂ ನಲವತ್ತು.

ನಮ್ಮ ಮನೆಯಲ್ಲಿ ಬ್ಯಾಂಕಿನ ಉಸಾಬರಿ ಪೂರ್ತಿ ಅವರದು. ಲೆಕ್ಕ ನನಗಿರಲಿ, ಜಗಳ ನಿನಗಿರಲಿ ಎಂದು ಮದುವೆಯಾದ ವಾರವೇ ಪಾಲು ಹಂಚಿಬಿಟ್ಟಿದ್ದರು. ಈಗ ಅವರು ಮೂರನೇ ಮಹಡಿಯಲ್ಲಿ ಹಸಿರು ಅಂಗಿ ತೊಟ್ಟು ಮಲಗಿದ್ದರು. ಅವರಿಗೆ ಗಾಬರಿಯಾಗಬಾರದು, ರಕ್ತದೊತ್ತಡ ಏರಬಾರದು ಎಂದು ನರ್ಸ್ ಕಟ್ಟಪ್ಪಣೆ ಮಾಡಿದ್ದಳು. ರೀ, ದುಡ್ಡು ಸಾಲ್ತಿಲ್ವಂತೆ ಎಂದು ಹೋಗಿ ಹೇಳಿದರೆ ಆ ನಾಳ ಅಲ್ಲೇ ಒಡೆದುಹೋದರೆ? ಕೇಳುವುದಕ್ಕಿದ್ದ ಒಬ್ಬರನ್ನೂ ಕೇಳುವ ಹಾಗಿರಲಿಲ್ಲ.

ಬ್ಯಾಂಕಿಗೆ ಫೋನ್ ಹಚ್ಚಿದೆ. ಮಹಾರಾಯರು ಸಂಗೀತ ಕೇಳಿಸುತ್ತಾ ಕಾಯಿಸಿದರು. ಅಷ್ಟರಲ್ಲಿ ಅವರದೇ ಒಂದು ಮೆಸೇಜು ಬಂತು: ಎರಡು ಸಲ ವಿಫಲ, ಮೂರನೆಯದೂ ವಿಫಲವಾದರೆ ಕಾರ್ಡ್ ಇಪ್ಪತ್ನಾಲ್ಕು ಗಂಟೆ ಬಂದ್. ಫೋನ್ ಇಟ್ಟುಬಿಟ್ಟೆ. ಹಿಂದೆ ನಿಂತಿದ್ದವನೊಬ್ಬ ಬೇಗ ಬೇಗ ಎಂದು ಗೊಣಗಿದ. ಅವನನ್ನು ನಾನು ನೋಡಿದ ರೀತಿಗೆ ಎರಡು ಹೆಜ್ಜೆ ಹಿಂದೆ ಸರಿದ.

ಕನ್ನಡಕ ಒರೆಸಿ, ಯಂತ್ರ ಉಗುಳಿದ ಚೀಟಿಯನ್ನು ಮೊದಲ ಸಲ ಸರಿಯಾಗಿ ಓದಿದೆ. 2,12,000 ಎಂದಿತ್ತು. ಯಜಮಾನರು ಲೆಕ್ಕ ಬರೆದುಕೊಟ್ಟಿದ್ದ ಚೀಟಿಯನ್ನು ಚೀಲದಿಂದ ತೆಗೆದು ಪಕ್ಕಕ್ಕಿಟ್ಟೆ. ಅವರ ಒಂದಕ್ಕೆ ನಮ್ಮ ಐವತ್ತು, ನಾಲ್ಕು ಸಾವಿರಕ್ಕೆ ಎರಡು ಲಕ್ಷ. ಬ್ಯಾಂಕಿನ ಶುಲ್ಕ ನೂರಕ್ಕೆ ಎರಡು, ಅಂದರೆ ನಾಲ್ಕು ಸಾವಿರ. ಒಟ್ಟು 2,04,000. ಉಳಿದ ಎರಡು ಸಾವಿರ ವಾಪಸು ಬಸ್ಸಿಗೆ ಎಂದು ಕೆಳಗೆ ಬರೆದಿದ್ದರು. ಈ ಎಂಟು ಸಾವಿರ ಎಲ್ಲಿಂದ ಹುಟ್ಟಿತು? ರಾತ್ರೋರಾತ್ರಿ ದರ ಏರಿತೇ? ಏರಿದ್ದರೆ ನಮ್ಮ ಕಥೆ ಮುಗಿದಂತೆಯೇ.

ನಮ್ಮ ಕಡೆಯ ರೋಗಿಗಳು ಬಂದೂ ಬಂದೂ ಕ್ಯಾಷಿಯರಿಗೆ ನಮ್ಮ ಮಾತು ಬರುತ್ತಿತ್ತು. ಇವತ್ತಿನ ದರ ಎಷ್ಟೆಂದು ಕೇಳಿದೆ. ಅವಳು ಕಂಪ್ಯೂಟರ್ ನೋಡಿ ಐವತ್ತೇ ಎಂದಳು. ಹಾಗಾದರೆ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಐವತ್ಮೂರು ಅಂತಿದೆಯಲ್ಲ, ಅದು ಯಾರಪ್ಪನ ದರ ಎಂದು ಜೋರು ಮಾಡಿದೆ.

“ಅದು ಈ ಮೆಷಿನ್ ಕಂಪನಿಯವರ ರೇಟು ಅಮ್ಮ. ನಿಮ್ಮ ದುಡ್ಡಲ್ಲೇ ಕಟ್ತೀನಿ ಅಂತ ನೀವು ಒತ್ತಿದ್ರಲ್ಲ, ಅದಕ್ಕೆ.”

ಹೌದು, ಎರಡು ಸಲವೂ ಯಂತ್ರ ಕೇಳಿತ್ತು: ನಿಮ್ಮ ದೇಶದ ಹಣವೋ, ಈ ದೇಶದ ಹಣವೋ? ನಾನು ನಮ್ಮದನ್ನೇ ಒತ್ತಿದ್ದೆ. ಬೇರೆ ಏನು ಒತ್ತಲಿ? ಆ ಊರಿಗೆ ಕಾಲಿಟ್ಟಾಗಿನಿಂದ ನನಗೆ ಪರಿಚಯದ್ದೆಂದು ಸಿಕ್ಕಿದ್ದು ಅದೊಂದೇ.

“ಹಾಗಾದ್ರೆ ಇನ್ನೊಂದನ್ನ ಒತ್ಲಾ?”

“ಯಾವುದು ಒತ್ತಿ ಅಂತ ನಾವು ಹೇಳೋ ಹಾಗಿಲ್ಲ ಅಮ್ಮ.” ಅವಳು ಮುಖ ತಗ್ಗಿಸಿದಳು.

ಹತ್ತೂ ಐವತ್ಮೂರು. ಸೊಂಟವನ್ನು ಇಂಚಿನಲ್ಲಿ ಅಳೆದರೂ ಸೆಂಟಿಮೀಟರಿನಲ್ಲಿ ಅಳೆದರೂ ಸೊಂಟ ಅದೇ, ಅದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಿಮಗೆ ಅರ್ಥವಾಗುವ ಅಳತೆಯಲ್ಲೇ ಕೊಡುತ್ತೇನಮ್ಮ ಎಂದು ನಯವಾಗಿ ಹೇಳಿದ ಬಟ್ಟೆ ಅಂಗಡಿಯವರು ಎಷ್ಟು ಸಲ ನನ್ನ ತಲೆಗೆ ಟೋಪಿ ಹಾಕಿಲ್ಲ! ಈ ಯಂತ್ರವೂ ಅದೇ ಜಾತಿಯದು. ಒಂದಕ್ಕೆ ಮೂರು ಹೆಚ್ಚು ಇಟ್ಟು, ನಮ್ಮ ದುಡ್ಡಿನಲ್ಲೇ ತೋರಿಸಿ, ಅದು ಉಪಕಾರವೆಂದು ನನ್ನನ್ನು ನಂಬಿಸಿತ್ತು.

ತಿಳಿಯಿತು ನಿಜ, ಬೆರಳು ಮಾತ್ರ ಏಳಲಿಲ್ಲ. ಅವರ ದುಡ್ಡನ್ನು ಒತ್ತಿದರೆ ಪರದೆಯಲ್ಲಿ ಬರಿಯ ನಾಲ್ಕು ಸಾವಿರ ಕಾಣುತ್ತದೆ. ಅತ್ತ ಬ್ಯಾಂಕು ಎಷ್ಟು ಮುರಿದುಕೊಳ್ಳುತ್ತದೆಂದು ಈಗಲೇ ಗೊತ್ತಾಗುವುದಿಲ್ಲ. ಯಜಮಾನರ ಚೀಟಿಯಲ್ಲಿ ಒಂದು ಸೊನ್ನೆ ತಪ್ಪಿದ್ದರೂ ಕಾರ್ಡ್ ಬಂದ್, ಥಿಯೇಟರ್ ಬಂದ್. ಅವರ ಬರಹದ ಮೇಲೆ ಅವರದೇ ಜೀವ ನಿಂತಿತ್ತು, ಒತ್ತುವ ಕೈ ನನ್ನದು. ದೇವರೇ ಎಂದೆ. ಈ ದೇಶದ ಹಣ ಎಂಬುದನ್ನು ಒತ್ತಿ, ಗುಪ್ತಸಂಖ್ಯೆ ಹೊಡೆದು, ಕಣ್ಣು ಮುಚ್ಚಿಕೊಂಡೆ.

ಯಂತ್ರ ಈ ಸಲ ಕೂಗಲಿಲ್ಲ. ಆಯ್ತು ಅಮ್ಮ ಎಂದು ಕ್ಯಾಷಿಯರ್ ರಸೀದಿ ಕೈಗಿತ್ತಳು. ಹನ್ನೊಂದಕ್ಕೆ ನಾಲ್ಕು ನಿಮಿಷವಿತ್ತು. ಲಿಫ್ಟ್ ಕಾಯುವ ತಾಳ್ಮೆ ಯಾರಿಗಿದೆ, ಮೊಣಕಾಲು ನೋವು ಮರೆತು ಮೆಟ್ಟಿಲು ಹತ್ತಿದೆ. ಗೆದ್ದೆ ಕಣ್ರೀ ಎಂದು ಅವರೆದುರು ರಸೀದಿ ಆಡಿಸಬೇಕೆಂದು ಬಾಯಿ ತುರಿಸುತ್ತಿತ್ತು.

ಮಂಚ ಖಾಲಿಯಿತ್ತು. ಹಣ ಕಟ್ಟಿದ್ದು ಮೇಲಿನ ಕಂಪ್ಯೂಟರಿನಲ್ಲಿ ಕಂಡ ಕೂಡಲೇ ಒಳಗೆ ಕರೆದುಕೊಂಡು ಹೋದರು, ಐದು ಗಂಟೆ ಹಿಡಿಯುತ್ತದೆ ಎಂದಳು ನರ್ಸ್. ಬೆಳಗಿನಿಂದ ನಾನು ಹೆದರಿದ್ದು ನಾಲ್ಕು ಸಾವಿರಕ್ಕೆ. ಅದು ತೀರಿತೆನ್ನುವಷ್ಟರಲ್ಲಿ ನಿಜವಾದ ಭಯ ಬಂದು ಎದೆಯ ಮೇಲೆ ಕೂತಿತು. ನರ್ಸ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹೆದರಬೇಡಿ, ಈ ಆಪರೇಷನ್ನಿನಲ್ಲಿ ನೂರಕ್ಕೆ ತೊಂಬತ್ತು ಜನ ಚೆನ್ನಾಗಿಯೇ ಹೊರಗೆ ಬರುತ್ತಾರೆ ಎಂದಳು.

“ನೂರು ಜನ ನನಗ್ಯಾಕಮ್ಮ,” ಎಂದೆ. “ನನಗಿರೋದು ಒಬ್ರೇ.”