ನೆರಳಿನ ಕಡೆಯ ಮನೆ

ನನ್ನ ಗಂಡ ರೋಶನ್ ದೋಹಾದ ಒಂದು ಎಸಿ ಕಂಪನಿಯಲ್ಲಿದ್ದಾರೆ. ಯಾವ ಗೋಡೆಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ, ಆ ಕೋಣೆಗೆ ಎಷ್ಟು ಟನ್ನಿನ ಎಸಿ ಬೇಕು ಎಂದು ಹೇಳುವುದಕ್ಕೇ ಅವರಿಗೆ ಹತ್ತೊಂಬತ್ತು ವರ್ಷಗಳಿಂದ ಸಂಬಳ. ಅವರ ಪಾಲಿಗೆ ಬಿಸಿಲು ಎಂದರೆ ಕಳ್ಳ. ಮದುವೆಯಾಗಿ ನಾನು ಇಲ್ಲಿಗೆ ಬಂದ ಮೇಲೆ ನಾಲ್ಕು ಫ್ಲ್ಯಾಟು ಬದಲಿಸಿದ್ದೇವೆ. ನಾಲ್ಕೂ ಉತ್ತರಕ್ಕೆ ಮುಖ, ನಾಲ್ಕನ್ನೂ ಆರಿಸಿದ್ದು ಅವರೇ. ಈಗಿರುವ ಅಲ್ ಹಿಲಾಲ್‌ನ ಫ್ಲ್ಯಾಟಿನಲ್ಲಂತೂ ಪರದೆಯ ಹಿಂದೆ ಇನ್ನೊಂದು ಪರದೆ. ನಡು ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕಿಕೊಂಡು ಕೊತ್ತಂಬರಿ ಸೊಪ್ಪು ಬಿಡಿಸುವವಳು ನಾನು.

ನನಗೆ ಬೇಕಿದ್ದದ್ದು ದೊಡ್ಡದೇನೂ ಅಲ್ಲ. ಬೆಳಿಗ್ಗೆ ಬೆನ್ನಿಗೆ ಬಿಸಿಲು ಬೀಳುವಂತೆ ಕುರ್ಚಿ ಹಾಕಿಕೊಂಡು ಒಂದು ಲೋಟ ಚಾ ಕುಡಿಯಬೇಕು, ಅಷ್ಟೆ. ಚಳಿಗಾಲದಲ್ಲಿ ದೋಹಾದಲ್ಲೂ ಹಿತವಾದ ಬಿಸಿಲುಂಟು. ಆದರೆ ಅದನ್ನು ಇವರು ಒಳಗೆ ಬಿಡಬೇಕಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಹೋಟೆಲಿನಲ್ಲಿ ಪ್ರದರ್ಶನ ಹಾಕಿದ್ದರು. ಜಾರ್ಜಿಯಾ ದೇಶದ ಬೆಟ್ಟದ ಮೇಲೆ, ಹಿಮದಲ್ಲಿ ಜಾರಿ ಆಡುವ ಊರಿನಲ್ಲಿ, ಒಂದೊಂದೇ ಕೋಣೆಯ ರಜಾ ಮನೆಗಳು ಮಾರಾಟಕ್ಕಿದ್ದವು. ನಮಗಿಬ್ಬರಿಗೂ ಸ್ಕೀ ಬರುವುದಿಲ್ಲ, ಬಚ್ಚಲಲ್ಲಿ ಜಾರಿ ಬಿದ್ದದ್ದೇ ನಮ್ಮ ಅನುಭವ. ಆದರೂ ವಿಮಾನದಲ್ಲಿ ಮೂರೂವರೆ ಗಂಟೆ ಕೂತರೆ ಹಿಮ ಎಂದ ಕೂಡಲೇ ಇವರ ಕಣ್ಣು ಅರಳಿತು. ಬೆಟ್ಟ, ಬಾಲ್ಕನಿ, ಚಾ ಎಂದು ನನ್ನ ಮನಸ್ಸೂ ಓಡಿತು. ನಮ್ಮ ಜೊತೆ ಲತೀಫಾಕ ಮತ್ತು ಅವರ ಹೆಂಡತಿ ಕುಲ್ಸುಮಕ್ಕನೂ ಬಂದಿದ್ದರು. ಲತೀಫಾಕ ಎಂದರೆ ಅಬ್ದುಲ್ ಲತೀಫ್, ಉಳ್ಳಾಲದವರು, ಇಲ್ಲಿಯ ಕಾರ್ಖಾನೆ ಪ್ರದೇಶವಾದ ಸನಾಯಾದಲ್ಲಿ ಟಯರ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ರೋಶನ್‌ಗೆ ಇಲ್ಲಿ ಮೊದಲ ಕೆಲಸ ಹುಡುಕಿಕೊಟ್ಟವರೂ ಅವರೇ.

ಮೇಜಿನ ಮೇಲೆ ಕಟ್ಟಡದ ಪುಟ್ಟ ಮಾದರಿ ಇತ್ತು. ರೋಶನ್ ಅದನ್ನು ಸುತ್ತು ಬಂದು, ಮಾರಾಟದ ಹುಡುಗಿಯನ್ನು ಕೇಳಿದ ಮೊದಲ ಪ್ರಶ್ನೆ, "ಬಿಸಿಲು ಬೀಳದ ಕಡೆ ಯಾವುದು?"

ಜಾರ್ಜಿಯಾದ ಆ ಹುಡುಗಿ ತಪ್ಪು ಕೇಳಿಸಿತೇನೋ ಎಂಬಂತೆ ನೋಡಿದಳು. ಬಿಸಿಲಿನ ಕಡೆಯ ಮನೆಗೆ ಬೆಲೆ ಹೆಚ್ಚು, ನೆರಳಿನ ಕಡೆಯದಕ್ಕೆ ಕಡಿಮೆ ಎಂದಳು.

"ಕೇಳಿದ್ರಾ ಲತೀಫಾಕ? ಬಿಸಿಲಿಗೆ ಮೇಲಿಂದ ದುಡ್ಡು ಬೇರೆ ಕೊಡ್ಬೇಕಂತೆ!" ಎಂದು ಇವರು ನಕ್ಕರು.

"ಬಿಸಿಲು ಬೇಕಾದ್ರೆ ನಾವು ಸನಾಯಾದಿಂದ ಲಾರಿಯಲ್ಲಿ ತುಂಬಿಸಿ ಕಳಿಸುವ," ಎಂದರು ಲತೀಫಾಕ.

ಇವರಿಬ್ಬರೇ ಅಲ್ಲ, ಅಲ್ಲಿದ್ದವರೆಲ್ಲ ಗಲ್ಫಿನಲ್ಲಿ ಬೆಂದವರೇ. ಸಂಜೆಯೊಳಗೆ ನೆರಳಿನ ಕಡೆಯ ಮನೆಗಳೆಲ್ಲ ಖಲಾಸ್. ಕೊನೆಯದೊಂದು ರೋಶನ್‌ಗೆ ಸಿಕ್ಕಿತು. ನಾನು ಪಕ್ಕದಲ್ಲೇ ಕೈಚೀಲ ಹಿಡಿದು ನಿಂತಿದ್ದೆ. ಪಾಸ್‌ಪೋರ್ಟಿನ ಕಾಪಿ ಎಲ್ಲಿದೆ ಎಂದು ಬಿಟ್ಟರೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಲತೀಫಾಕನಿಗೆ ಹೆಚ್ಚು ದುಡ್ಡು ಕೊಟ್ಟು ನಮ್ಮ ಬಾಗಿಲಿನ ಎದುರಿನ ಬಿಸಿಲು ಮನೆಯನ್ನೇ ಹಿಡಿಯಬೇಕಾಯಿತು. ಅವರು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ಫೆಬ್ರವರಿಯಲ್ಲಿ ನಾಲ್ವರೂ ಹೋದೆವು. ನಮ್ಮ ಮನೆಯ ಬಾಲ್ಕನಿಯ ಬಾಗಿಲೇ ತೆರೆಯಲಿಲ್ಲ, ಹೊರಗಿನಿಂದ ಮಂಜು ಗಟ್ಟಿಯಾಗಿ ಹಿಡಿದಿತ್ತು. ಹಗಲಲ್ಲೂ ದೀಪ ಹಾಕಬೇಕು. ನಾನು ಎರಡು ಸ್ವೆಟರ್ ಹಾಕಿ ರಜಾಯಿಯೊಳಗೆ ಕೂತಿದ್ದೆ. ರೋಶನ್ ಮೂಗು ಒರೆಸಿಕೊಳ್ಳುತ್ತಾ, "ನೋಡು, ಎಸಿಯೇ ಬೇಡ," ಎಂದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಮದುವೆಯಾದಂದಿನಿಂದ ನುಂಗಿ ಅಭ್ಯಾಸವಾಗಿದೆ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋದೆ. ಕುಲ್ಸುಮಕ್ಕ ಬಾಲ್ಕನಿಯಲ್ಲಿ ಕಾಲುಚೀಲ ಬಿಚ್ಚಿ, ಪಾದಗಳನ್ನು ಬಿಸಿಲಿಗೆ ಚಾಚಿ ಕೂತಿದ್ದರು. ಎದುರಿಗೆ ಬೆಟ್ಟವಿಡೀ ಬೆಳ್ಳಗೆ ಹೊಳೆಯುತ್ತಿತ್ತು.

"ನಮ್ಮವರಿಗೆ ಹೇಳ್ಬೇಡ ಮಾರಾಯ್ತಿ," ಎಂದರು. "ಕಣ್ಣಿಗೆ ಕುಕ್ತದೆ ಅಂತ ಅವರು ಪರದೆ ಎಳೆದು ಕೆಳಗೆ ಹೋಗ್ತಾರೆ. ಅವರು ಆಚೆ ಹೋದ ಮೇಲೆ ನಾನು ತೆಗೆಯುವುದು. ದೋಹಾದಲ್ಲಿ, ಮುಐದರ್‌ನ ನಮ್ಮ ಮನೆಯ ಕಿಟಕಿಗೆ ಕಂಪೌಂಡ್ ಗೋಡೆಯೇ ಅಡ್ಡ. ಇಷ್ಟು ವರ್ಷದಲ್ಲಿ ಹೀಗೆ ಬಿಸಿಲಲ್ಲಿ ಕೂತದ್ದೇ ಇಲ್ಲ ಅಮಿತಾ."

ನಾನೂ ಪಕ್ಕದಲ್ಲಿ ಕೂತು ಚಾ ಕುಡಿದೆ. ಬೆನ್ನು ಬೆಚ್ಚಗಾಯಿತು, ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಆ ಬಾಲ್ಕನಿ ನನಗೆ ಬೇಕೇ ಬೇಕು ಅನಿಸಿತು.

ವಾಪಸು ಬಂದು ಎರಡು ವಾರವಾಗಿತ್ತು. ಶುಕ್ರವಾರ ಜುಮಾ ನಮಾಜು ಮುಗಿಸಿ ಲತೀಫಾಕ ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದರು. ಚಾ ಕೈಗೆ ಬರುವ ಮೊದಲೇ ವಿಷಯಕ್ಕೆ ಬಂದರು.

"ರೋಶನ್, ನಿಮ್ಮ ಮನೆ ನನಗೆ ಕೊಡಿ, ನಮ್ಮದು ನೀವು ಇಟ್ಕೊಳ್ಳಿ. ನಾನು ಹೆಚ್ಚು ಕೊಟ್ಟ ದುಡ್ಡು ವಾಪಸು ಬೇಡ. ಪ್ರಾಯ ಆಯ್ತು ಮಾರಾಯ್ರೆ, ಅಲ್ಲಿ ಹೋಗಿಯೂ ಬಿಸಿಲು ತಿನ್ಬೇಕಾ?"

ಆ ಬಾಲ್ಕನಿ ತಾನಾಗಿಯೇ ನನ್ನ ಕೈಗೆ ಬರುತ್ತಿತ್ತು.

ರೋಶನ್ ದೊಡ್ಡ ತ್ಯಾಗಕ್ಕೆ ಸಿದ್ಧರಾದವರ ಮುಖ ಮಾಡಿ, "ನನಗೆ ಅನ್ನದ ದಾರಿ ತೋರಿಸಿದವರು ನೀವು. ನಿಮಗೆ ಇಲ್ಲ ಅನ್ಲಿಕ್ಕೆ ಆಗ್ತದಾ? ತಕ್ಕೊಳ್ಳಿ," ಎಂದರು.

ನಾನು ಬಾಯಿ ಮುಚ್ಚಿಕೊಂಡು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದ್ದರೆ ಸಾಕಿತ್ತು. ಆದರೆ ತಟ್ಟೆ ಹಿಡಿದು ಕುಲ್ಸುಮಕ್ಕನ ಹತ್ತಿರ ಹೋದಾಗ ಅವರು ತಲೆ ಎತ್ತಲಿಲ್ಲ. ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಅವರೂ ನನ್ನ ಹಾಗೆಯೇ ನುಂಗುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ಹೇಳಲಾರೆ.

"ಬೇಡ ಲತೀಫಾಕ," ಎಂದೆ. "ಅಲ್ಲಿ ಬಿಸಿಲಿನ ಕಡೆಯದೇ ಒಳ್ಳೆ ಮನೆ. ಅದಕ್ಕೇ ಬೆಲೆ ಹೆಚ್ಚು. ನಮ್ಮದು ಐಸ್ ಪೆಟ್ಟಿಗೆ. ಬೇಕಾದ್ರೆ ಕುಲ್ಸುಮಕ್ಕನನ್ನು ಕೇಳಿ, ಅವರು ದಿನಾ ಬಾಲ್ಕನಿಯಲ್ಲಿ ಕೂರ್ತಿದ್ರು."

ಲತೀಫಾಕ ಹೆಂಡತಿಯ ಕಡೆ ತಿರುಗಿದರು. "ಹೌದಾ?"

"ಹೌದು," ಎಂದರು ಕುಲ್ಸುಮಕ್ಕ. ದನಿ ಸಣ್ಣದಿತ್ತು, ಆದರೆ ಗಟ್ಟಿ ಇತ್ತು. "ನನಗೆ ಅದೇ ಇರ್ಲಿ."

ಲತೀಫಾಕ ಗಡ್ಡ ಕೆರೆದುಕೊಂಡು, ಚಾ ಮುಗಿಸಿ, "ಆಯ್ತು, ಯಲ್ಲಾ, ಹೊರಡುವ," ಎಂದು ಎದ್ದರು. ಹೊರಡುವಾಗ ಕುಲ್ಸುಮಕ್ಕ ನನ್ನ ಕೈಯನ್ನು ನೋವಾಗುವಷ್ಟು ಒತ್ತಿ ಹಿಡಿದರು.

ಬಾಗಿಲು ಹಾಕಿ ಬಂದಾಗ ರೋಶನ್ ಸೋಫಾದಲ್ಲಿ ಹಾಗೆಯೇ ಕೂತಿದ್ದರು. ಗಾಳಿ ಬಿಟ್ಟ ಬಲೂನಿನಂತಾಗಿದ್ದರು, ಪಾಪ.

"ಬುಕ್ ಮಾಡುವಾಗಲೇ ನನಗೆ ಹೇಳ್ಬಹುದಿತ್ತಲ್ಲ ನೀನು?"

"ನೀವು ಕೇಳ್ಬಹುದಿತ್ತಲ್ಲ?"

ನಾನು ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದೆ. ನಲ್ಲಿ ಬಿಟ್ಟೆ. ಕಣ್ಣು ತುಂಬಿತ್ತು. ಕೈಗೆ ಬಂದದ್ದನ್ನು ನಾನೇ ಬಿಟ್ಟುಕೊಟ್ಟಿದ್ದೆ, ಹೊಟ್ಟೆ ಉರಿಯದೆ ಇರುತ್ತದಾ?

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಇಂಗ್ಲಿಷಿನಲ್ಲಿ ಫೋನ್ ಮಾತು ಕೇಳಿಸಿತು. ಮಾರಾಟದ ಹುಡುಗಿಯ ಜೊತೆ. ನಮ್ಮದನ್ನು ವಾಪಸು ತೆಗೆದುಕೊಂಡು ಬಿಸಿಲಿನ ಕಡೆಯದು ಕೊಡಲಿಕ್ಕಾಗುತ್ತದಾ ಎಂದು ಇವರು ವಿಚಾರಿಸುತ್ತಿದ್ದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಪಕ್ಕದ ಕಟ್ಟಡದಲ್ಲಿ ಎರಡು ಉಂಟಂತೆ. ಮೂರನೇ ಮಾಳಿಗೆಯಲ್ಲಿ ಒಂದು, ಆರನೇದರಲ್ಲಿ ಒಂದು. ನಿನಗೆ ಯಾವುದು ಬೇಕು?"

ನಾಲ್ಕು ಫ್ಲ್ಯಾಟುಗಳಲ್ಲಿ ಒಮ್ಮೆಯೂ ಈ ಪ್ರಶ್ನೆ ನನ್ನ ಹತ್ತಿರ ಬಂದಿರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಅವರು ಕಾಯುತ್ತಲೇ ನಿಂತಿದ್ದರು.

"ಲೈನಲ್ಲಿ ಇರ್ಲಿಕ್ಕೆ ಹೇಳಿ," ಎಂದೆ. "ಯೋಚನೆ ಮಾಡಿ ಹೇಳ್ತೇನೆ."