ಬದಲಾದವರ ಪಟ್ಟಿ

ಇಪ್ಪತ್ತೊಂಬತ್ತನೆಯ ಹೆಸರಿನ ಮೇಲೂ ಗೀಟು ಎಳೆದು ಲೋರ್ನಾ ಹ್ಯಾಸ್ಕೆಲ್ ಪೆನ್ಸಿಲ್ ಕೆಳಗಿಟ್ಟಳು. ಇನ್ನು ಉಳಿದವನು ವರ್ಜಿಲ್ ಸ್ಟ್ರೌಡ್ ಒಬ್ಬನೇ.

ನಲವತ್ತು ವರ್ಷದಿಂದ ಅವಳು ಹೇಳಿದ ಚುನಾವಣಾ ಭವಿಷ್ಯ ಹುಸಿಯಾಗಿರಲಿಲ್ಲ. ಅಧ್ಯಕ್ಷರ ಚುನಾವಣೆಗೆ ಅವಳು ಫೋನು ಮುಟ್ಟುವವಳಲ್ಲ. ಆ ಅಬ್ಬರಕ್ಕೆ ಯಾರು ಬೇಕಾದರೂ ಓಟು ಹಾಕಿಯಾರು ಎನ್ನುವಳು. ಎರಡು ವರ್ಷ ಕಳೆದು, ಮಧ್ಯಾವಧಿಯಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಸದಸ್ಯರನ್ನು ಆರಿಸುವಾಗ ಮಾತ್ರ, ಅಯೋವಾದ ಈ ಊರಿನ ಅದೇ ಮೂವತ್ತು ಮನೆಗೆ ಫೋನು ಮಾಡಿ, ಓಟು ಯಾವ ಪಾರ್ಟಿಗೆ ಎಂದು ಕೇಳಿ, ಹಿಂದಿನ ಮಧ್ಯಾವಧಿಯ ಉತ್ತರದ ಪಕ್ಕದಲ್ಲಿ ಹೊಸದನ್ನು ಬರೆಯುವಳು. ಹಿಂದಿನಂತೆಯೇ ಎಂದವರ ಜೊತೆ ಒಂದೇ ನಿಮಿಷ. ಪಾರ್ಟಿ ಬದಲಾಯಿಸಿದೆ ಎಂದವರನ್ನು ಬಿಡುತ್ತಿರಲಿಲ್ಲ. ಯಾಕೆ, ಯಾವಾಗಿನಿಂದ ಎಂದು ಕೆದಕಿ ಕೆದಕಿ ಕೇಳುವಳು. ಅವರು ವಾಲಿದ ಕಡೆಗೇ ಗೆಲುವು. ಊರಿನ ವಾರಪತ್ರಿಕೆ ಅವಳ ಅಂಕಣವನ್ನು ಮುಖಪುಟದಲ್ಲೇ ಹಾಕುತ್ತಿತ್ತು.

ಈಗ ಹತ್ತೊಂಬತ್ತು ಮಂದಿ ಮಣ್ಣು ಸೇರಿದ್ದರು. ಮಿಕ್ಕ ಹತ್ತು ಮಂದಿ ಮಕ್ಕಳ ಊರಿಗೋ ವೃದ್ಧಾಶ್ರಮಕ್ಕೋ ಹೋಗಿದ್ದರು. ಪಟ್ಟಿಯಲ್ಲಿ ಒಬ್ಬರಾದರೂ ಸಿಕ್ಕರೆ ಬರೆಯಿರಿ, ಇಲ್ಲದಿದ್ದರೆ ಅಂಕಣ ನಿಲ್ಲಿಸೋಣ ಎಂದಿದ್ದ ಸಂಪಾದಕ. ನಯವಾಗಿಯೇ ಅಂದಿದ್ದ, ಪುಣ್ಯಾತ್ಮ. ಗಂಡ ತೀರಿಕೊಂಡ ಮೇಲೆ ಊರವರು ಲೋರ್ನಾಳನ್ನು ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ ಮಾತು, ಈ ಸಲ ಯಾರು ಅಂತ. ಅದೂ ಹೋದರೆ ಅವಳನ್ನು ಮಾತಾಡಿಸುವವರು ಯಾರು?

ಹೆಂಡತಿ ಮಾರ್ಜ್ ಹೋದ ಮೇಲೆ ಒಂಟಿಯಾಗಿದ್ದ ವರ್ಜಿಲ್ ಮೊದಲ ಗಂಟೆಗೇ ಫೋನು ಎತ್ತಿದ. ಅವನ ಸಾಲಿನಲ್ಲಿ ಆರು ಮಧ್ಯಾವಧಿಯಿಂದ ಅತ್ತಿಂದಿತ್ತ ಹಾರಿದ ಗುರುತೇ. ಊರು ಎತ್ತ ವಾಲೀತೆಂದು ವರ್ಜಿಲನನ್ನು ನೋಡಿ ತಿಳಿಯಬೇಕು ಎಂದು ಅವಳೇ ಒಮ್ಮೆ ಬರೆದಿದ್ದಳು.

ಈ ಸಲವೂ ಬದಲಾಯಿಸಿದ್ದೀಯಾ ಎಂದು ಕೇಳಿದಳು. ಅವನು ಕೆಮ್ಮಿದ.

"ವಯಸ್ಸಾಯ್ತು ಲೋರ್ನಾ, ಇನ್ನು ಸುಳ್ಳು ಬೇಡ. ನಂದು ಮೊದಲಿಂದ್ಲೂ ಒಂದೇ ಪಾರ್ಟಿ. ಒಂದ್ಸಲಾನೂ ಬದಲಾಯಿಸಿಲ್ಲ ಕಣೇ."

"ಮತ್ತೆ ಇಷ್ಟು ವರ್ಷ ಹೇಳಿದ್ದು?"

"ಮಾರ್ಜ್ ತೀರಿಕೊಂಡ ವರ್ಷ ಬಾಯ್ತಪ್ಪಿ ಬದಲಾಯಿಸ್ದೆ ಅಂದ್ಬಿಟ್ಟೆ. ನೀನು ಮುಕ್ಕಾಲು ಗಂಟೆ ಮಾತಾಡ್ದೆ. ಅದೇ ಪಾರ್ಟಿ ಅಂದಿದ್ರೆ, ಥ್ಯಾಂಕ್ಸ್ ಅಂತ ಫೋನ್ ಇಟ್ಬಿಡ್ತಿದ್ದೆ ನೀನು."

ಲೋರ್ನಾಳಿಗೆ ಮೈಯೆಲ್ಲ ಉರಿಯಿತು. ಆರು ಅಂಕಣ! ಅವನ ಹಿಂದಿನ ಉತ್ತರಗಳೇ ಸುಳ್ಳಾದ ಮೇಲೆ ಮುಂದಿನದನ್ನು ಹೇಳುವುದು ಹೇಗೆ? ಬೈಯಲೆಂದು ಬಾಯಿ ತೆರೆದಳು. ಅತ್ತ ಕಡೆ ಅವನ ಉಸಿರು ಕೇಳಿಸುತ್ತಿತ್ತು. ಇವಳು ಯಾವ ಗಳಿಗೆಯಲ್ಲಿ ಇಟ್ಟುಬಿಡುತ್ತಾಳೋ ಎಂದು ಕಾಯುತ್ತಿದ್ದ.

ಅವಳು ಪಟ್ಟಿಯನ್ನು ಮಗುಚಿಟ್ಟಳು. ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

"ಸರಿ, ಹೇಳು. ಈ ಸಲ ಯಾಕೆ ಬದಲಾಯಿಸ್ದೆ?"

ವರ್ಜಿಲ್ ನಿಧಾನವಾಗಿ ಮೊದಲಿನಿಂದ ಶುರುಮಾಡಿದ. ಅವಳು ಹ್ಞೂಂಗುಟ್ಟುತ್ತಾ ಕೂತಳು. ಪೆನ್ಸಿಲ್ ಮೇಜಿನ ಮೇಲೆ ಇಟ್ಟಲ್ಲೇ ಇತ್ತು.